ಸಲಹೆಗಾರನ ಕೆಂಪು ರಟ್ಟು

ಸಲಹೆಗಾರನ ಕುರ್ಚಿಗೆ ಕುತ್ತು ತಂದದ್ದು ಊಟದ ತಟ್ಟೆಯಷ್ಟು ದೊಡ್ಡ ಒಂದು ಕೆಂಪು ರಟ್ಟು. ಹೂಡಿಕೆ ಕಂಪನಿಯ ಮೇಡಂ ಎರಡು ದಿನದ ತರಬೇತಿ ಮುಗಿಸಿ ಬಂದವರೇ ಅದನ್ನು ಎಲ್ಲರ ಮೇಜಿನ ಮೇಲೂ ಇಟ್ಟಿದ್ದರು.

"ಮದುವೆ, ಸಾವು, ನಿವೃತ್ತಿ, ಇಂಥಾ ದೊಡ್ಡ ಬದಲಾವಣೆ ಆದಾಗ ಜನ ಭಾವುಕರಾಗಿ ಏನೇನೋ ತೀರ್ಮಾನ ತಗೋತಾರೆ. ವಾದ ಮಾಡ್ಬೇಡಿ. ಈ ರಟ್ಟು ಎತ್ತಿ, ನಿಲ್ತಾರೆ," ಎಂದರು. ಆಮೇಲೆ ಸಲಹೆಗಾರನ ಕಡೆ ತಿರುಗಿ, "ನೀವು ಮೂರು ತಿಂಗಳಿಂದ ಒಬ್ಬ ಗ್ರಾಹಕರನ್ನೂ ತಂದಿಲ್ಲ. ಇವತ್ತು ಸಂಜೆಯೊಳಗೆ ಒಬ್ಬರಾದ್ರೂ ಸಹಿ ಹಾಕ್ಲಿಲ್ಲ ಅಂದ್ರೆ ನಾಳೆಯಿಂದ ಬರೋದು ಬೇಡ," ಎಂದೂ ಸೇರಿಸಿದರು.

ಪಾಪ, ಒಳ್ಳೆಯ ಮನುಷ್ಯನೇ. ಮಾತೊಂದು ಬರುತ್ತಿರಲಿಲ್ಲ, ಅಷ್ಟೆ.

ಹನ್ನೊಂದು ಗಂಟೆಗೆ ಬಂದವರು ಹಿಂದಿನ ದಿನವಷ್ಟೇ ನಿವೃತ್ತರಾದ ರೈಲು ಡ್ರೈವರು. ಕಂಕುಳಲ್ಲಿ ಚೀಲ, ಚೀಲದಲ್ಲಿ ಮೂವತ್ತೈದು ವರ್ಷದ ದುಡಿಮೆಯ ಚೆಕ್ಕು.

"ಬೆಳಿಗ್ಗೆ ನಾಲ್ಕಕ್ಕೇ ಎದ್ದು ಬೂಟು ಹಾಕ್ಕೊಂಡು ಕೂತಿದ್ದೆ ಕಣ್ರೀ. ಹೆಂಡ್ತಿ ಬೈದು ಕಳಿಸಿದ್ಲು. ಗುಜರಿಲಿ ಒಂದು ಹಳೇ ಇಂಜಿನ್ನಿದೆ. ಕೊಂಡು ಹಿತ್ತಿಲಲ್ಲಿ ನಿಲ್ಲಿಸ್ಕೊಳ್ಳೋಣ ಅಂತ..."

ಸಲಹೆಗಾರ ಬಾಯಿ ತೆರೆದ. "ಅದು... ಅದು..." ಎಂದ. ಪಕ್ಕದ ಮೇಜಿನವನು ಎಲ್ಲರ ಕೆಲಸದಲ್ಲೂ ಮೂಗು ತೂರಿಸುತ್ತಿದ್ದುದರಿಂದ ಆಫೀಸಿಗೆಲ್ಲ 'ಮೂಗಣ್ಣ'. ಅವನು ಹಿಂದಿನಿಂದ ತಿವಿದ. "ಎತ್ತೋ! ರಟ್ಟು ಎತ್ತೋ!"

ಎತ್ತಿದ. ಡ್ರೈವರು ಮೇಜಿನ ಅಂಚನ್ನು ಬ್ರೇಕಿನ ಹಿಡಿಯಂತೆ ಜಗ್ಗಿ, "ಕೆಂಪು!" ಎಂದು ಕೂಗಿ ಕೂತಲ್ಲೇ ಸ್ತಬ್ಧರಾದರು. ಇಂಜಿನ್ನಿನ ಆಸೆ ಅಲ್ಲಿಗೇ ಮುಗಿಯಿತು.

"ಸರಿ, ಭಾವಮೈದುನನ ಸರ್ಕಸ್ಸಿಗೆ ಹಾಕೋಣ ಅಂದ್ರೆ..." ರಟ್ಟು ಎದ್ದಿತು. "ಕೆಂಪು!"

"ಹೋಗ್ಲಿ, ಎರಡು ಒಂಟೆನಾದ್ರೂ..." "ಕೆಂಪು!"

ಡ್ರೈವರ ಕಣ್ಣು ತುಂಬಿ ಬಂತು. "ನಿನ್ನೆಯಿಂದ ನಿಲ್ಲು ಅನ್ನೋರೂ ಇಲ್ಲ, ಹೊರಡು ಅನ್ನೋರೂ ಇಲ್ಲ. ದೇವರ ಹಾಗೆ ನೀವು ಸಿಕ್ರಿ. ಕೊಡಿ ಸ್ವಾಮಿ ಫಾರಂ. ಎಲ್ಲಾ ನಿಮ್ಮ ಕೈಗೇ."

ಸಲಹೆಗಾರನಿಗೆ ಸ್ವರ್ಗ ಮೂರೇ ಗೇಣು. ಪೆನ್ನು ಇನ್ನೇನು ಕಾಗದಕ್ಕೆ ತಾಗಬೇಕು, ಮೇಡಂ ಒಳಗೆ ಬಂದರು. ಗ್ರಾಹಕ ಅಳುತ್ತ ಸಹಿ ಹಾಕುತ್ತಿದ್ದಾನೆ! ಹಿಂದೆಮುಂದೆ ನೋಡದೆ ತಾವೂ ಒಂದು ರಟ್ಟು ಎತ್ತಿಬಿಟ್ಟರು.

"ಕೆಂಪು!" ಪೆನ್ನು ನಿಂತಿತು.

"ಅಯ್ಯೋ ಮೇಡಂ, ಅದು ನಮ್ದೇ ಫಾರಂ!" ಎಂದು ಮೂಗಣ್ಣ ಕಿರುಚಿದ.

ಮೇಡಂ ನಾಲಿಗೆ ಕಚ್ಚಿಕೊಂಡರು. "ಹಾಕಿ ಸಾರ್, ಹಾಕಿ."

"ಹಸಿರು ಎಲ್ಲಿ?"

ತರಬೇತಿಯವರು ಹಸಿರು ರಟ್ಟು ಕೊಟ್ಟೇ ಇರಲಿಲ್ಲ. ಮೂಗಣ್ಣ ಹೂಕುಂಡ ಎತ್ತಿ ತೋರಿಸಿದ, ಕಿಟಕಿಯ ಪರದೆ ಕಿತ್ತು ಬೀಸಿದ.

"ಕಂಡಕಂಡ ಹಸಿರಿಗೆಲ್ಲ ಗಾಡಿ ಬಿಟ್ಟಿದ್ರೆ ದಾರಿಲಿರೋ ತೋಟಕ್ಕೆಲ್ಲ ನುಗ್ಗಿರ್ತಿದ್ದೆ. ನೀವು ಹಸಿರು ರಟ್ಟೇ ತನ್ನಿ, ನಾನು ಕಾಯ್ತೀನಿ," ಎಂದರು ಡ್ರೈವರು.

ಸಲಹೆಗಾರ ಬಿದ್ದಂಬೀಳ ಓಡಿದ. ಮೊದಲ ಬಣ್ಣದಂಗಡಿಗೆ ಬೀಗ. ಎರಡನೆಯದರಲ್ಲಿ ಇದ್ದದ್ದು ನೀಲಿ, ಹಳದಿ ಮಾತ್ರ. ಎರಡನ್ನೂ ಕೊಂಡು ಫುಟ್‌ಪಾತಿನಲ್ಲೇ ಕಲಸಿದ. ಅರ್ಧ ಬಣ್ಣ ಅಂಗಿಗೆ ಹೋಯಿತು, ಉಳಿದದ್ದರಲ್ಲಿ ಅರ್ಧ ತಲೆಗೆ. ಮೂರು ಗಂಟೆಗೆ ಒದ್ದೆ ರಟ್ಟು ಹಿಡಿದು ಗಿಳಿಯಂತೆ ಮರಳಿದ.

ಅವನ ಕುರ್ಚಿಯಲ್ಲಿ ಡ್ರೈವರು ಕೂತಿದ್ದರು. ಎದುರಿನ ಬೆಂಚಿನ ತುಂಬ ಜನ. ಹೋದ ತಿಂಗಳು ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು, "ಮಕ್ಕಳು ಈಗ್ಲೇ ಮನೆ ಮಾರು ಅಂತಾರೆ," ಎಂದು ಬಿಕ್ಕುತ್ತಿದ್ದರು.

"ನಿಧಾನ ತಾಯಿ. ದೊಡ್ಡ ತಿರುವಲ್ಲಿದೀರಿ. ತಿರುವಲ್ಲಿ ಯಾರೂ ವೇಗ ಹೆಚ್ಚಿಸಲ್ಲ. ದಾಟಿದ ಮೇಲೆ ನೋಡೋಣ," ಎಂದರು ಡ್ರೈವರು. ಆಕೆ ಕಣ್ಣೊರೆಸಿಕೊಂಡು ಫಾರಂಗೆ ಸಹಿ ಹಾಕಿದರು.

ಸಲಹೆಗಾರ ಏದುಸಿರು ಬಿಡುತ್ತ ರಟ್ಟು ಎತ್ತಿದ.

"ಹಸಿರು!" ಡ್ರೈವರು ಮುಂದಿದ್ದ ಕಾಗದಕ್ಕೆ ಸರ್ರನೆ ಸಹಿ ಜಡಿದರು. ಸಲಹೆಗಾರ ಕುಣಿದೇಬಿಟ್ಟ. ಮೂಗಣ್ಣ ಮಾತ್ರ ಜೀವನದಲ್ಲಿ ಮೊದಲ ಸಲ ಬೇರೆ ಕಡೆ ನೋಡಿದ.

ಮೇಡಂ ಕಾಗದ ಎತ್ತಿಕೊಂಡು ಊದಿ ಒಣಗಿಸಿದರು. "ಮಧ್ಯಾಹ್ನದಿಂದ ಇವರು ಆರು ಜನರ ಸಹಿ ತಂದಿದಾರೆ. ಕೆಲಸಕ್ಕೆ ಸೇರ್ಕೊಳ್ಳಿ ಅಂದ್ರೆ, ಹಸಿರು ಬರದೆ ಆಗಲ್ಲ ಅಂತ ಹಟ ಹಿಡಿದಿದ್ರು. ಒಳ್ಳೇ ಹೊತ್ತಿಗೆ ತಂದ್ರಿ."

"ಮತ್ತೆ ನಾನು?"

"ಇರೋದೊಂದೇ ಕುರ್ಚಿ ಅಲ್ವಾ?"

ಸಲಹೆಗಾರ ಒದ್ದೆ ರಟ್ಟನ್ನು ಎದೆಗವಚಿಕೊಂಡ. ಡ್ರೈವರು ಎದ್ದು ಬಂದು, ಅವನ ಹಸಿರು ಕೈ ಹಿಡಿದು, ಬೆಂಚಿನಲ್ಲಿ ಪ್ರೀತಿಯಿಂದ ಕೂರಿಸಿದರು.

"ಕೆಲಸ ಹೋಯ್ತು ಅಂತ ಗಾಬರೀಲಿ ಏನೇನೋ ಮಾಡ್ಕೋಬೇಡಪ್ಪಾ. ಉಳಿತಾಯ ಎಷ್ಟಿದೆ ಹೇಳು," ಎನ್ನುತ್ತ ಏಳನೆಯ ಫಾರಂ ಅವನ ಮುಂದೆ ತಳ್ಳಿದರು.