ಮಿರಿಯಂ ಆಂಟಿಯ ಮಾದಲ ಹಣ್ಣು

ಐರ್ಲೆಂಡಿನ ಕ್ಯಾಸಲ್‌ನಾಕಿಗೆ ಬಂದ ಮೇಲೆ ಒಂದೇ ಒಂದು ಹೇರಳೆಕಾಯಿ ಕಣ್ಣಿಗೆ ಬಿದ್ದಿಲ್ಲವೆಂಬುದು ಸತ್ಯಪ್ರಕಾಶನ ಸಾರ್ವಕಾಲಿಕ ಗೋಳು. (ಮನೆ ಬಾಡಿಗೆಯ ಗೋಳು ಆಮೇಲೆ.) ಹೀಗಿರುವಾಗ ಅಡುಗೆಮನೆಯಲ್ಲಿ, ನಾರಿನ ಮೆತ್ತೆಯ ಮೇಲೆ ರಾಜಕುಮಾರನಂತೆ ಪವಡಿಸಿದ್ದ ಹಳದಿ ಹಣ್ಣೊಂದು ಕಂಡಿತು. "ಪಾಪ, ನನಗೋಸ್ಕರ ಎಲ್ಲಿಂದ ತರಿಸಿದಳೋ!" ಎಂದು ಹೆಂಡತಿಯ ಮೇಲೆ ಅಪರೂಪದ ಪ್ರೀತಿ ಉಕ್ಕಿ, ಪಂಚೆ ಎತ್ತಿ ಕಟ್ಟಿದ.

ಹಿಂಡಿದರೆ ಹನಿ ರಸವಿಲ್ಲ, ಬರೀ ದಪ್ಪ ಸಿಪ್ಪೆ. ಬಿಡುವ ಆಸಾಮಿಯೇ? ಹೆಚ್ಚಿ, ಹುಣಸೆ, ಬೆಲ್ಲ, ಮೆಂತ್ಯ ಹಾಕಿ ಗೊಜ್ಜು ಕುದಿಸಿದ. ಅಷ್ಟರಲ್ಲಿ ವಸುಂಧರಾ ಅಂಗಡಿಯಿಂದ ಬಂದಳು.

"ರೀ, ಇಲ್ಲಿದ್ದ ಹಣ್ಣೆಲ್ಲಿ?"

"ಬಾಣಲೇಲಿ!"

"ಅಯ್ಯೋ, ನಿಮ್ಮ ಬಾಯಿಚಪಲಕ್ಕಿಷ್ಟು! ಅದು ಪಕ್ಕದ್ಮನೆ ಮಿರಿಯಂ ಆಂಟೀದು ಕಣ್ರೀ! ಯೆಹೂದಿಗಳು ಹಬ್ಬದಲ್ಲಿ ಕೈಲಿ ಹಿಡ್ಕೊಂಡು ಪ್ರಾರ್ಥನೆ ಮಾಡೋ ಮಾದಲ ಹಣ್ಣು. ಒಂದು ಗೀರು ಬಿದ್ರೂ ಆಗಲ್ವಂತೆ. ಗಾಲ್ವೇಲಿರೋ ಮಗಳನ್ನ ನೋಡ್ಕೊಂಡು ಬರೋವರ್ಗೂ ಜೋಪಾನ ಅಂತ ಕೊಟ್ಟೋಗಿದ್ರು. ನಿನ್ನೆ ಹೇಳಿದ್ನಲ್ಲ, ಹ್ಞೂಂ ಅಂದ್ರಲ್ಲ!"

"ಮೀಟಿಂಗಲ್ಲಿದ್ದೆ ಕಣೇ..."

ಪೂಜೆಗೆ ಮುಂಚೆ ಯಾರಾದರೂ ಹೂ ಮೂಸಿದರೆ ಮನೆ ಸೂರು ಹಾರುವಂತೆ ಕೂಗಾಡುವ ಮಡಿವಂತ ಇವನು. ಈಗ ಇನ್ನೊಬ್ಬರ ದೇವರ ಹಣ್ಣಿಗೆ ಇಂಗಿನ ಒಗ್ಗರಣೆ ಹಾಕಿದ್ದ. ನಾಚಿಕೆಯಿಂದ ಭೂಮಿಗಿಳಿದುಹೋದ.

ಸಂಜೆ ಮಿರಿಯಂ ಊರಿಂದ ಬಂದೊಡನೆ ಅವರ ಬಾಗಿಲಲ್ಲಿ ತಲೆತಗ್ಗಿಸಿ ನಿಂತ. "ತಪ್ಪಾಯ್ತು ಆಂಟಿ, ನಿಮ್ಮ ಹಬ್ಬ ಕೆಡಿಸ್ಬಿಟ್ಟೆ."

ಮುದುಕಿಯ ಕಣ್ಣು ತುಂಬಿತು. ಬೈದಿದ್ದರೇ ಎಷ್ಟೋ ವಾಸಿಯಿತ್ತು. ಕೊನೆಗೆ ನಿಟ್ಟುಸಿರಿಟ್ಟು, "ಗ್ರ್ಯಾಂಡ್, ಗ್ರ್ಯಾಂಡ್, ಪರವಾಗಿಲ್ಲ ಬಿಡಿ. ನಮ್ಮಣ್ಣನ ಹತ್ರ ಒಂದಿದೆ, ಅದರಲ್ಲೇ ನಾನೂ ಪ್ರಾರ್ಥನೆ ಮಾಡ್ತೀನಿ. ನೀವಿಬ್ರೂ ಹಬ್ಬಕ್ಕೆ ಬನ್ನಿ" ಎಂದರು.

ಹಬ್ಬದ ದಿನ ಹಿತ್ತಲಲ್ಲಿ ಊಟಕ್ಕೆಂದೇ ಕಟ್ಟಿದ ಸೊಪ್ಪಿನ ಚಪ್ಪರ. ಅದರಿಂದ ಸೋರಿದ ಮಳೆ ಸೂಪಿಗೆ ಧಾರಾಳವಾಗಿ ನೀರು ಬೆರೆಸುತ್ತಿತ್ತು. ಅಣ್ಣ ಪ್ರಾರ್ಥಿಸಿ ಹಣ್ಣನ್ನು ತಂಗಿಗೆ ಕೊಟ್ಟರು. ತಮ್ಮ ಸರದಿಗೆ ಮೊದಲು ಮಿರಿಯಂ, ಮೂಲೆಯಲ್ಲಿ ಮುದುರಿ ನಿಂತಿದ್ದ ಸತ್ಯಪ್ರಕಾಶನನ್ನು ಕಂಡು ಕನಿಕರಿಸಿ, "ನೋಡಿ, ಎಷ್ಟು ಘಮ!" ಎಂದು ಅದನ್ನು ಅವನ ಕೈಗಿಟ್ಟರು.

ಕ್ಷಮೆ ಸಿಕ್ಕಿತೆಂದು ಅವನಿಗೆ ಅಳುವೇ ಬಂತು. ಕಣ್ಣುಮುಚ್ಚಿ ಹಣ್ಣನ್ನು ಮೂಗಿನ ಹತ್ತಿರ ತಂದ. ಮೈಸೂರಿನ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಆರಿಸಿ ಆರಿಸಿ ಪಳಗಿದ ಹೆಬ್ಬೆರಳಿನ ಉಗುರು ತನ್ನಷ್ಟಕ್ಕೆ ತಾನೇ ಸಿಪ್ಪೆಯನ್ನು ಪರ್ರನೆ ಗೀರಿತು. ಘಮ ಮಾತ್ರ ಅದ್ಭುತವಾಗಿತ್ತು.

ಕಣ್ಣು ಬಿಟ್ಟರೆ, ಮಿರಿಯಂ ಚಾಚಿದ ಕೈ ಚಾಚಿದಂತೆಯೇ ಇತ್ತು. ವಸುಂಧರಾ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು.