ನಮ್ಮ ಷಡ್ಕರ ಗಿಟಾರ್ ಲಾಕು

ನಮ್ಮ ಷಡ್ಕರಿಗೆ ಗಿಟಾರು ನುಡಿಸಲು ಬರುವುದಿಲ್ಲ. ಅವರು ಒಂದು ತಂತಿ ಮೀಟಿದರೆ ಬಾಗಿಲಲ್ಲಿ ಮಲಗಿದ ನಾಯಿ ಎದ್ದು ಪಕ್ಕದ ಬೀದಿಗೆ ಹೋಗುತ್ತದೆ. ಆದರೆ ಗಿಟಾರು ಬೀಳದ ಹಾಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಿದ್ಯೆಯಲ್ಲಿ ಇಡೀ ಮಂಡ್ಯ ಜಿಲ್ಲೆಯಲ್ಲಿ ಅವರನ್ನು ಮೀರಿಸುವ ಗಂಡು ಇನ್ನೂ ಹುಟ್ಟಿಲ್ಲ! ನಗಬೇಡಿ. ಮೂರು ವರ್ಷ ಅವರು ಮಾಡಿದ್ದು ಇದೊಂದೇ ಕೆಲಸ.

ಷಡ್ಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಮದ್ದೂರಿನಲ್ಲಿ ಮನೆ, ಲೈನ್‌ಮನ್ ಕೆಲಸ. ಇಪ್ಪತ್ತು ವರ್ಷ ಕರೆಂಟು ಕಂಬ ಹತ್ತಿ ಇಳಿದವರು ಈಗ ಕಂಬದ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಆಫೀಸಿನಲ್ಲಿ ಕೂತು, ನಮ್ಮೂರಲ್ಲಿ ಕರೆಂಟಿಲ್ಲ ಎಂದು ಫೋನು ಮಾಡುವವರ ದೂರು ಬರೆದುಕೊಳ್ಳುತ್ತಾರೆ. ಜನ ಬೈದದ್ದನ್ನೂ ಅಕ್ಷರ ಬಿಡದೆ ಬರೆದುಕೊಳ್ಳುತ್ತಾರೆ ಎಂದು ಕೇಳಿದ್ದೇನೆ.

ಗಿಟಾರು ಅವರದಲ್ಲ. ಅವರ ಜೊತೆ ಕಂಬ ಹತ್ತುತ್ತಿದ್ದ ಗೆಳೆಯನದು. ಆತ ಬಿಡುವಿನ ದಿನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದ. ಗಣೇಶನ ಪೆಂಡಾಲು, ಮದುವೆಯ ರಿಸೆಪ್ಷನ್ನು, ಎಲ್ಲಿ ಕರೆದರೂ ಹೋಗುತ್ತಿದ್ದ. ನಮ್ಮ ಷಡ್ಕರು ಹಿಂದಿನಿಂದ ಸ್ಪೀಕರ್ ಡಬ್ಬ ಹೊತ್ತುಕೊಂಡು ಹೋಗುತ್ತಿದ್ದರು. ಆ ಗೆಳೆಯ ಒಂದು ದಿನ ಕಂಬದ ಮೇಲಿಂದ ಬಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಸತ್ತುಹೋದ.

ತಿಥಿ ಮುಗಿದ ಮೇಲೆ ಆತನ ಹೆಂಡತಿ ಗಿಟಾರು ತಂದು ಇವರ ಕೈಗೆ ಕೊಟ್ಟಳು. "ಬೆಲ್ಟು ಸಡ್ಲ ಆಗಿ ಕಳಚ್ಕತದೆ ಅಣ್ಣ. ಸರಿ ಮಾಡ್ಸಿ ಮನೆಗೆ ತಂದ್ಕೊಡಿ. ಮಗಳು ಕಲೀತೀನಿ ಅಂತವ್ಳೆ" ಅಂದಳು. ಮಗಳಿಗೆ ಆಗ ಹತ್ತು ವರ್ಷ. ತಾಯಿ ಮಗಳು ಬೆಳಕವಾಡಿಯ ತವರುಮನೆಗೆ ಹೊರಟುಹೋದರು.

ಒಂದು ಬೆಲ್ಟು ಸರಿ ಮಾಡಿಸಲು ಎಷ್ಟು ದಿನ ಬೇಕು, ನೀವೇ ಹೇಳಿ! ಗಿಟಾರಿನ ಮೈಮೇಲೆ ಎರಡು ಕಡೆ ಲೋಹದ ಗುಂಡಿ ಇರುತ್ತದೆ. ಹೆಗಲಿನ ಬೆಲ್ಟಿನ ತೂತನ್ನು ಅದಕ್ಕೆ ಸಿಕ್ಕಿಸಬೇಕು. ತೂತು ಹಳತಾದರೆ ಹಾಡಿನ ನಡುವೆ ಕಳಚಿಕೊಂಡು ಗಿಟಾರು ನೆಲ ಕಾಣುತ್ತದೆ. ಹಾಗಾಗದಂತೆ ಹಿಡಿಯುವುದೇ ಲಾಕು. ಇಷ್ಟೇ ಸಮಾಚಾರ.

ಮೊದಲು ಮಂಡ್ಯಕ್ಕೆ ಬಂದರು. ನಾನಿರುವುದು ಮಂಡ್ಯದಲ್ಲೇ ಆದ್ದರಿಂದ ನನ್ನನ್ನೂ ಎಳೆದುಕೊಂಡು ವಾದ್ಯದ ಅಂಗಡಿಗೆ ಹೋದರು. ಅಂಗಡಿಯವನು ಮೂರು ತರಹದ್ದು ತೋರಿಸಿದ. ಗುಂಡಿಗೆ ಹಾಕುವ ರಬ್ಬರ್ ರಿಂಗು, ತಿರುಗಿಸಿ ಕೂರಿಸುವ ಪ್ಲಾಸ್ಟಿಕ್ಕು, ಒತ್ತಿದರೆ ಟಕ್ ಎನ್ನುವ ಸ್ಟೀಲು. ಷಡ್ಕರು ಸ್ಟೀಲಿನದನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು.

"ಎಷ್ಟು ತೂಕ ತಡೀತದಪ್ಪ?"

"ಗಿಟಾರು ನಾಕು ಕೆಜಿ ಇರ್ತದೆ ಸಾರ್. ಆರಾಮಾಗಿ ತಡೀತದೆ."

"ಎಪ್ಪತ್ತು ಕೆಜಿ?"

ಅಂಗಡಿಯವನು ನನ್ನ ಮುಖ ನೋಡಿದ. "ಸಾರ್, ಇದು ಮನ್ಸರನ್ನ ನೇತಾಕೋಕಲ್ಲ!"

ನಾನು ಗೊಳ್ಳೆಂದು ನಕ್ಕೆ. ಷಡ್ಕರು ನಗಲಿಲ್ಲ. ಲಾಕನ್ನು ಮೆಲ್ಲಗೆ ಗಾಜಿನ ಮೇಲಿಟ್ಟು ಹೊರಗೆ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಮದ್ದೂರಿನ ಬಸ್ಸಿಗೆ ಕಾಯುತ್ತ ನಿಂತಾಗ, ಯಾರಿಗೂ ಹೇಳದ್ದನ್ನು ನನಗೆ ಹೇಳಿದರು.

ಅವತ್ತು ಮಳೆಗಾಳಿಗೆ ಬಸರಾಳಿನ ಕಡೆ ಲೈನು ಹರಿದುಹೋಗಿತ್ತು. ಗೆಳೆಯ ಕಂಬ ಹತ್ತಿ, ಸೊಂಟದ ಬೆಲ್ಟನ್ನು ಕಂಬಕ್ಕೆ ಬಳಸಿ ಕೊಕ್ಕೆ ಸಿಕ್ಕಿಸಿ, ಕೆಳಗಿದ್ದ ಇವರನ್ನು ಕೇಳಿದನಂತೆ. "ಲಾಕು ಬಿತ್ತೇನ್ಲಾ, ನೋಡು." ಇವರು ಬಗ್ಗಿಕೊಂಡು ವೈರು ಸುತ್ತುತ್ತಿದ್ದರು. ತಲೆ ಎತ್ತದೆ "ಬಿತ್ತು ಕಣ್ಲಾ, ಕೆಲ್ಸ ನೋಡು" ಎಂದುಬಿಟ್ಟರು. ಆತ ನಂಬಿದ. ನಂಬಿ ಬೆಲ್ಟಿನ ಮೇಲೆ ಭಾರ ಬಿಟ್ಟು ಹಿಂದಕ್ಕೆ ವಾಲಿದ.

ನಮ್ಮ ಭಾಷೆಯ ಕರ್ಮ ನೋಡಿ! ಲಾಕು ಭದ್ರವಾಗಿ ಕೂತರೂ ಬಿತ್ತು ಎನ್ನುತ್ತೇವೆ, ಆಳು ನೆಲಕ್ಕೆ ಬಂದರೂ ಬಿದ್ದ ಎನ್ನುತ್ತೇವೆ. ಆವತ್ತಿನಿಂದ ಅವರ ಮನೆಯಲ್ಲಿ ಏನೊಂದೂ ಬೀಳುವ ಹಾಗಿಲ್ಲ. ಮಳೆ ಬರಬಹುದು, ಬೀಳಕೂಡದು. ಕನಸು ಕಾಣಬಹುದು, ಬೀಳಕೂಡದು. ನನ್ನ ಮಗಳು ಕುಣಿಯುತ್ತ ಹೋಗಿ "ದೊಡ್ಡಪ್ಪ, ನನ್ನ ಹಲ್ಲು ಬಿತ್ತು!" ಅಂದರೆ, "ಆಚೆಗೆ ಬಂತು ಅನ್ನು ಮಗ" ಎಂದು ತಿದ್ದಿದರು. ಅವರ ಮನೆಗೆ ಹೋಗುವ ಮುಂಚೆ ನನ್ನ ಹೆಂಡತಿ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಯಾವ ಯಾವ ಮಾತು ಆಡಬಾರದೆಂದು ಪಾಠ ಹೇಳುತ್ತಿದ್ದಳು.

ಮಂಡ್ಯದ ಸ್ಟೀಲು ಆಗಲಿಲ್ಲವಲ್ಲ, ಷಡ್ಕರು ಮೊಬೈಲಿನಲ್ಲಿ ವೀಡಿಯೋ ನೋಡಲು ಶುರುಮಾಡಿದರು. ಯಾರೋ ಪುಣ್ಯಾತ್ಮ ಗಟ್ಟಿ ರಬ್ಬರ್ ರಿಂಗೇ ಎಲ್ಲಕ್ಕಿಂತ ವಾಸಿ ಎಂದು ಹೇಳಿದ್ದ. ಮನೆಯಲ್ಲಿ ಗಟ್ಟಿ ರಬ್ಬರ್ ರಿಂಗು ಎಲ್ಲಿರುತ್ತದೆ? ಗ್ಯಾಸ್ ಸಿಲಿಂಡರಿನ ಬಾಯೊಳಗೆ! ಚಾಕುವಿನಿಂದ ಮೀಟಿ ತೆಗೆದು ಗಿಟಾರಿಗೆ ಹಾಕಿಕೊಂಡು, ರೆಗ್ಯುಲೇಟರನ್ನು ಇದ್ದ ಹಾಗೇ ಸಿಕ್ಕಿಸಿ ಆಫೀಸಿಗೆ ಹೋದರು. ಅವರ ಹೆಂಡತಿ, ನನ್ನ ಅತ್ತಿಗೆ, ಅಡುಗೆಮನೆಗೆ ಕಾಲಿಟ್ಟರೆ ಗಮ್ಮೆಂದು ಗ್ಯಾಸಿನ ವಾಸನೆ. ಪುಣ್ಯಕ್ಕೆ ಕಡ್ಡಿ ಗೀರಲಿಲ್ಲ. ಕಿಟಕಿ ಬಾಗಿಲು ತೆಗೆದು, ಬೀದಿಗೆ ಬಂದು ನಿಂತು ನನಗೆ ಫೋನು ಮಾಡಿದರು.

"ನಿಮ್ಮಣ್ಣನ ಗಿಟಾರು ಮಾತ್ರ ಬದ್ರವಾಗದೆ ಕಣಪ್ಪ. ನಾವೇ ಮನೆಮಂದಿಯೆಲ್ಲ ಮೇಲಕ್ಕೋಗ್ಬೇಕಿತ್ತು!"

ಹೀಗೆ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ತಿರುಗಿಸಿ ತಿರುಗಿಸಿ ಗಿಟಾರಿನ ಮರದಲ್ಲಿ ಸ್ಕ್ರೂ ತೂತೇ ದೊಡ್ಡದಾಗಿ ಗುಂಡಿ ಅಲ್ಲಾಡತೊಡಗಿತು. ಮಳವಳ್ಳಿಯಲ್ಲಿ ಒಬ್ಬ ಮರಗೆಲಸದವನು ಚೆನ್ನಾಗಿ ಮಾಡುತ್ತಾನೆಂದು ಯಾರೋ ಹೇಳಿದರು. ಇಬ್ಬರೂ ಹೋದೆವು. ಆತ ಬಾಗಿಲು ಮಾಡುವವನು, ಗಿಟಾರು ಕಂಡವನಲ್ಲ. "ಬಾಗ್ಲು ಚಿಲ್ಕನೇ ಬಡ್ದು ಕೊಡ್ಲಾ ಯಜಮಾನ್ರೆ?" ಎಂದ. ಆದರೆ ಕೈ ಒಳ್ಳೆಯದು. ಬೆಂಕಿಕಡ್ಡಿಗೆ ಗೋಂದು ಸವರಿ ತೂತಿಗೆ ತುಂಬಿ, ಒಣಗಿದ ಮೇಲೆ ಸ್ಕ್ರೂ ಬಿಗಿದ. ನಾನು ಆನ್‌ಲೈನಿನಲ್ಲಿ ತರಿಸಿದ್ದ ಸ್ಟೀಲ್ ಲಾಕನ್ನು ಒತ್ತಿದ. ಟಕ್!

"ಬಿತ್ತು ನೋಡಿ ಯಜಮಾನ್ರೆ! ಇನ್ನು ಆನೆ ಜಗ್ಗಿದ್ರೂ ಬರಾಕಿಲ್ಲ!"

ಷಡ್ಕರ ಮುಖ ಸುಣ್ಣದಂತಾಯಿತು. ಮರದ ಹೊಟ್ಟಿನ ಮೇಲೆ ಕುಸಿದು ಕೂತರು. ನಾನು ನೀರು ಕುಡಿಸಿದೆ. ಮರಗೆಲಸದವನು ನನ್ನನ್ನು ಪಕ್ಕಕ್ಕೆ ಕರೆದು "ಏನ್ ಕೆಲ್ಸ ಇವ್ರುದು?" ಅಂದ. ಲೈನ್‌ಮನ್ ಅಂದೆ.

"ಅಂಗನ್ನಿ. ಶಾಕ್ ಒಡ್ದದೆ!"

ಹೌದು ಅಂದೆ. ಸುಳ್ಳೇನಲ್ಲವಲ್ಲ.

ಅಲ್ಲಿಗೆ ಲಾಕಿನ ಕೆಲಸ ಮುಗಿಯಬೇಕಿತ್ತು ತಾನೆ? ಎಲ್ಲಿ ಮುಗಿಯುತ್ತದೆ! ಪರೀಕ್ಷೆ ಶುರುವಾಯಿತು. ದಿನಾ ಬೆಳಿಗ್ಗೆ ಗಿಟಾರು ನೇತುಹಾಕಿಕೊಂಡು ಮನೆ ಮುಂದೆ ನೂರು ಸಲ ಕುಪ್ಪಳಿಸುವುದು. ಐವತ್ತರ ಗಂಡಸು, ಚಡ್ಡಿ ಬನಿಯನ್ನು, ಹೆಗಲಲ್ಲಿ ಕೆಂಪು ಗಿಟಾರು! ಹಾಲು ಹಾಕುವವನು ಸೈಕಲ್ ನಿಲ್ಲಿಸಿಕೊಂಡು ನೋಡುತ್ತಿದ್ದ. ಹೀಗೇ ಎಂಟು ತಿಂಗಳು. ಲಾಕು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಗಿಟಾರು ಬೆಳಕವಾಡಿಗೆ ಹೋಗಲಿಲ್ಲ.

ನನಗೆ ಸಿಟ್ಟು ಬಂತು. ಒಂದು ಭಾನುವಾರ ಮದ್ದೂರಿಗೆ ಹೋಗಿ ಮುಖಕ್ಕೇ ಹೇಳಿದೆ. "ಅಣ್ಣ, ಮಗೀಗೆ ಹದಿಮೂರು ತುಂಬ್ತು. ನೀವು ಲಾಕು ಹುಡುಕ್ತಿಲ್ಲ, ಆಯಮ್ಮನ ಮುಖ ನೋಡೋಕೆ ಹೆದರಿ ತಪ್ಪಿಸ್ಕಂಡು ತಿರುಗ್ತಿದ್ದೀರಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಔದು ಕಣ್ಲಾ" ಅಂದರು. "ಲಾಕ್ ಸಿಕ್ತು ಅಂದ್ರೆ ಓಗ್ಬೇಕು. ಓದ್ರೆ ನಿಜ ಏಳ್ಬೇಕು. ಏಳ್ದ ಮ್ಯಾಲೆ ಆ ಮನೆ ಮೆಟ್ಲು ತುಳಿಯಾಕಾದದಾ?"

"ನಾನಿದ್ದೀನಿ ಬನ್ನಿ" ಅಂದೆ. ಅಂಗಿ ಹಾಕಿಕೊಂಡು ಬಂದರು.

ಬೆಳಕವಾಡಿಯಲ್ಲಿ ಆಯಮ್ಮ ನಮ್ಮನ್ನು ಕಂಡು ಏನೂ ಕೇಳದೆ ಚಾಪೆ ಹಾಸಿದಳು. ಮಗಳು ಅವ್ವನಷ್ಟೇ ಉದ್ದ ಬೆಳೆದಿದ್ದಳು. ಗಿಟಾರು ನೋಡಿದ್ದೇ ಓಡಿ ಬಂದು ಹೆಗಲಿಗೆ ಹಾಕಿಕೊಂಡಳು. ನಮ್ಮ ಷಡ್ಕರು ಮಂಡಿಯೂರಿ ಕೂತು, ಎರಡೂ ಕಡೆಯ ಲಾಕನ್ನು ಒತ್ತಿ, ಜಗ್ಗಿ, ಮೊಬೈಲಿನ ಟಾರ್ಚು ಬಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಎದ್ದೇಳಲೇ ಇಲ್ಲ. ಕೂತಲ್ಲಿಂದಲೇ, ತಲೆ ತಗ್ಗಿಸಿಕೊಂಡೇ ಹೇಳಿದರು.

"ಅವ್ನು ನನ್ನ ಕೇಳ್ದ ಕಣವ್ವ. ಲಾಕು ಬಿತ್ತಾ ಅಂತ. ನಾನು ನೋಡ್ಲಿಲ್ಲ. ನೋಡ್ದೆನೇ ಬಿತ್ತು ಅಂದ್ಬುಟ್ಟೆ."

ಮಗಳ ಕೈ ತಂತಿಯ ಮೇಲೆ ಹಾಗೇ ನಿಂತಿತು. ಯಾಕಾದರೂ ಕರೆದುಕೊಂಡು ಬಂದೆನೋ ಅನ್ನಿಸಿತು.

"ಗೊತ್ತು ಕಣಣ್ಣ" ಅಂದಳು ಆಯಮ್ಮ. "ಆಸ್ಪತ್ರೇಲಿ ಅವ್ರೇ ಏಳುದ್ರು. ಅವ್ನೂ ನೋಡ್ಲಿಲ್ಲ, ನಾನೂ ನೋಡ್ಕಳ್ಲಿಲ್ಲ ಅಂದ್ರು. ಅವ್ನು ಇದ್ನೇ ಮನ್ಸಿಗೆ ಅಚ್ಕಂಡು ಕೊರಗ್ತಾನೆ, ಏನಾರ ನೆಪ ಮಾಡಿ ಮನೆಗೆ ಕರಿ ಅಂದ್ರು. ಅವ್ರು ಕೊನೇಗೆ ಆಡಿದ್ದು ಅದೇ ಮಾತು."

ಷಡ್ಕರು ಬಾಯಿಗೆ ಟವೆಲು ಒತ್ತಿಕೊಂಡು ಅಳುತ್ತಿದ್ದರು. ನಾನೂ ಅತ್ತೆ. ಮೂರು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆಯಮ್ಮ ಕೆಳಗೆ ಕೂತು, ಮಗಳ ಹೆಗಲಿನ ಬೆಲ್ಟನ್ನು ಒಂದು ಸಲ ಸವರಿದಳು.

"ಇದ್ಕೆ ಏನೂ ಆಗಿರ್ಲಿಲ್ಲ ಕಣಣ್ಣ. ನೀವು ಒಂದ್ ವಾರಕ್ಕೆ ಬತ್ತೀರ ಅಂದ್ಕಂಡಿದ್ದೆ."