ಅಕ್ಕನ ಮಂಗಳವಾರದ ಶುಗರ್ರು

ಮೈಸೂರಿನಿಂದ ಬಂದಿದ್ದ ದೊಡ್ಡ ಡಾಕ್ಟರೊಬ್ಬರು ನನ್ನ ಎದೆಗೆ ಟ್ಯೂಬಿಟ್ಟು ಕೇಳಿ, ಆ ಸದ್ದಿಗೆ ಬೆಚ್ಚಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದಿದ್ದರು. ‘ಇದು ಎದೆಯಲ್ಲ ಕಣಯ್ಯಾ, ಅಕ್ಕಿ ಗಿರಣಿ’ ಅಂದರು. ಆ ಡಾಕ್ಟರು ಈಗಿಲ್ಲ. ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನೂ ಇಲ್ಲ. ಆ ಕಟ್ಟಡವೂ ಬಿದ್ದುಹೋಯಿತು. ಹಾಗಾಗಿ ನಾನು ಹೇಳಿದ್ದೇ ನಿಜ. ಕಾಯಿಲೆ, ಆಸ್ಪತ್ರೆ ಅಂತ ಹೋದ ಕಡೆಯೆಲ್ಲ ನನಗೆ ಇಂಥದ್ದು ಏನಾದರೊಂದು ಆಗುತ್ತಲೇ ಇರುತ್ತೆ.

ತಾಯತ ಕಟ್ಟೋನು

ನನ್ನೂರು ನಂಜನಗೂಡಿನ ಕಡೆ. ಅಕ್ಕನನ್ನು ಕೊಟ್ಟಿರೋದು ಟಿ. ನರಸೀಪುರದ ಕಡೆ ಒಂದು ಹಳ್ಳಿಗೆ. ಅಕ್ಕನಿಗೆ ಶುಗರ್ರು. ಅದೇನೋ ಸರಿ, ಊರಲ್ಲಿ ಅರ್ಧ ಜನಕ್ಕೆ ಇದೆ. ಆದರೆ ಈಚೆಗೆ ಬೆವರು ಕಿತ್ಕೊಂಡು, ಕೈ ನಡುಗಿ, ಕಣ್ಣು ಕತ್ತಲೆ ಬಂದು ಬೀಳೋಕೆ ಶುರುಮಾಡಿದಳು. ಒಂದು ಸಲ ಒಲೆ ಮುಂದೆಯೇ ಬಿದ್ದಳು. ಸೊಸೆ ಓಡಿಬಂದು ಎಳೆಯದಿದ್ದರೆ ಸೆರಗಿಗೆ ಬೆಂಕಿ ಹತ್ತುತ್ತಿತ್ತು. ಇನ್ನೊಂದು ಸಲ ಹೀಗಾದರೆ ಅಕ್ಕ ಉಳಿಯಲ್ಲ ಅಂತ ಹೆದರಿಕೆಯಾಯಿತು. ನನಗಲ್ಲ, ಮನೆಯವರಿಗೆ. ನಾನು ಹೆದರೋ ಪೈಕಿ ಅಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಬಂದು ಅಲ್ಲೇ ಉಳಿದೆ, ಅಷ್ಟೆ.

‘ಗಾಳಿ ಸೋಕೈತೆ’ ಅಂತ ಊರೆಲ್ಲ ಹೇಳಿತು. ಪಕ್ಕದೂರಿನ ತಾಯತ ಕಟ್ಟೋನ ಹತ್ತಿರ ಕರಕೊಂಡು ಹೋದೆವು. ಅಕ್ಕನ ತೋಳಿಗೆ ಬಿಗಿಯಾಗಿ ಕಟ್ಟಿದ. ‘ಇನ್ನು ಯಾವ ಗಾಳೀನೂ ಈವಮ್ಮನ್ ತಂಟೆಗೆ ಬರಕಿಲ್ಲ’ ಅಂದ.

ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ನೋಡೋದು ಮಂಗಳವಾರ. ಅಕ್ಕನನ್ನು ಕರಕೊಂಡು ಹೋದರೆ ಸಾಲಿನಲ್ಲಿ ನಮ್ಮ ಮುಂದೆ ಅವನೇ ನಿಂತಿದ್ದಾನೆ!

‘ಏನ್ ಸ್ವಾಮಿ, ನಿಂಗೂ ಸೋಕ್ತಾ?’ ಅಂದೆ.

ನಾಚಿಕೆ ಅನ್ನೋದೇ ಇಲ್ಲ ಅವನಿಗೆ. ‘ನಾನ್ ಕಟ್ಟಿದ್ದು ನಂಗೇ ಹಿಡಿಯಕಿಲ್ಲ ಕಣಣ್ಣೋ. ನೀನೇನಾರ ನಂಗೆ ಕಟ್ಟೀಯಾ? ಬಾ, ಕಲಿಸ್ಕೊಡ್ತೀನಿ’ ಅಂದ.

ಸೂಜಿ ಇಲ್ಲದ ಮೇಡಮ್ಮು

ಅಲ್ಲಿನ ಡಾಕ್ಟರು ಒಳ್ಳೇ ಮನುಷ್ಯ. ಅಕ್ಕನ ರಕ್ತ ನೋಡಿ ಪ್ರತಿ ಮಂಗಳವಾರ ಹಣೆ ಗಂಟಿಕ್ಕೋರು.

‘ಅಜ್ಜಿ, ಮತ್ತೆ ಏರಿದೆ. ಸಿಹಿ ತಿಂದ್ರಾ?’

‘ನಿಮ್ಮಾಣೆ ಇಲ್ಲ ಸಾ.’

‘ಮಾತ್ರೆ?’

‘ನೀವು ಹೇಳ್ದಂಗೇ ತಗೋತೀನಿ ಸಾ.’

ಪಾಪ, ಅವರೇನು ಮಾಡ್ತಾರೆ? ಮಾತ್ರೆ ಜಾಸ್ತಿ ಮಾಡಿದರು. ಅಕ್ಕ ಬೀಳೋದೂ ಜಾಸ್ತಿಯಾಯಿತು.

ಅಷ್ಟರಲ್ಲಿ ಮೈಸೂರಿನಿಂದ ಒಬ್ಬ ಮೇಡಂ ಊರಿಗೆ ಬಂದರು. ಜೊತೆಗೆ ಊರಿನ ಆಶಾ ಕಾರ್ಯಕರ್ತೆ. ಸುದ್ದಿ ಹಬ್ಬಿ, ಪಕ್ಕದ ಮನೆ ಮುದುಕಿ ರವಿಕೆ ತೋಳು ಮೇಲಕ್ಕೆ ಸರಿಸಿಕೊಂಡೇ ಓಡಿಬಂದಳು. ಮೇಡಂ ನಕ್ಕರು. ‘ನಾನು ಸೂಜಿ ಚುಚ್ಚೋ ಡಾಕ್ಟರಲ್ಲ ಅಜ್ಜಿ. ಜನ ಕಾಯಿಲೆ ಬಂದ್ರೆ ಏನಂದ್ಕೋತಾರೆ, ಯಾರ ಹತ್ರ ಹೋಗ್ತಾರೆ, ಮಾತ್ರೇನ ಹೆಂಗೆ ತಗೋತಾರೆ, ಅದನ್ನ ತಿಳ್ಕೊಳ್ಳೋಕೆ ಬಂದಿದೀನಿ’ ಅಂದರು.

ಮುದುಕಿ ತೋಳು ಇಳಿಸಿಕೊಂಡಳು. ‘ಸೂಜೀನೂ ಇಲ್ಲ, ಮಾತ್ರೇನೂ ಇಲ್ಲ. ಬರೀ ಪ್ರಶ್ನೆ ಕೇಳಕೆ ನಮ್ಮನೇಲಿ ಸೊಸೆ ಅವ್ಳೆ ಕಣವ್ವ!’

ಉಪ್ಪಿಟ್ಟಿನ ಲೆಕ್ಕ

ಆದರೆ ಆ ಮೇಡಂ ಬೇರೆ ಥರ. ಕುರ್ಚಿ ಹಾಕಿದರೆ ಕೂರೋರಲ್ಲ. ಸೀದಾ ಅಡುಗೆಮನೆಗೆ ಹೋಗಿ ಅಕ್ಕನ ಜೊತೆ ಅವರೆಕಾಯಿ ಸುಲೀತಾ ಕೂರೋರು. ಮನೆಯವಳ ಹಾಗೇ ಆಗಿಬಿಟ್ಟರು.

ಒಂದು ಸೋಮವಾರ ಸಂಜೆ. ಅಕ್ಕ ಪ್ರತಿ ಸೋಮವಾರ ನಂಜುಂಡೇಶ್ವರನಿಗೆ ಒಪ್ಪತ್ತು ಇರ್ತಾಳೆ. ಮಧ್ಯಾಹ್ನ ಒಂದೇ ಹೊತ್ತು ಊಟ. ದೀಪ ಹಚ್ಚಿದ ಮೇಲೆ ಒಂದು ತಟ್ಟೆ ಉಪ್ಪಿಟ್ಟು ತಿಂದು ಕೈ ತೊಳೆದಳು.

‘ಅಮ್ಮಾ, ರಾತ್ರಿ ಮಾತ್ರೆ?’ ಅಂದರು ಮೇಡಂ.

‘ಊಟ ಆದ್ಮೇಲೆ ತಗೋ ಅಂದವ್ರೆ ಕಣವ್ವ. ಇವತ್ತು ಒಪ್ಪತ್ತು. ಊಟ ಎಲ್ಲೈತೆ?’

‘ಮತ್ತೆ ಈಗ ಉಪ್ಪಿಟ್ಟು ತಿಂದ್ರಲ್ಲ?’

‘ಅಯ್ಯೋ ನನ್ನವ್ವ, ಉಪ್ಪಿಟ್ಟು ಫಲಾರ! ಆ ನಂಜುಂಡೇಶ್ವರನೇ ಅದ್ನ ಊಟ ಅಂತ ಲೆಕ್ಕಕ್ಕೆ ತಗೊಳ್ಳಕಿಲ್ಲ, ಡಾಕ್ಟ್ರು ತಗೊಂಡಾರಾ?’

ಕೈ ಎತ್ತಿ

ಮರುದಿನ ಮೇಡಂ ನಮ್ಮ ಜೊತೆಯೇ ಆಸ್ಪತ್ರೆಗೆ ಬಂದರು. ಸೋಮವಾರ ರಾತ್ರಿ ಮಾತ್ರೆ ಇಲ್ಲ, ಮಂಗಳವಾರ ಬೆಳಗ್ಗೆ ರಕ್ತ ನೋಡ್ತೀರಿ, ಏರದೆ ಇನ್ನೇನು ಅಂತ ಡಾಕ್ಟರಿಗೆ ಬಿಡಿಸಿ ಹೇಳಿದರು. ಮಿಕ್ಕ ದಿನ ಆ ಜಾಸ್ತಿ ಮಾತ್ರೆ ನುಂಗಿಯೇ ಅಕ್ಕ ಶುಗರ್ ಪೂರಾ ಇಳಿದು ಬೀಳ್ತಿದ್ದಳಂತೆ. ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡರು.

‘ಅಜ್ಜಿ, ಬೀಳ್ತಿದ್ದೆ ಅಂತ ನನಗ್ಯಾಕೆ ಹೇಳಲಿಲ್ಲ?’

‘ಗಾಳಿ ವಿಸ್ಯ ನಿಮ್ಗೆ ಯಾಕೆ ಸಾ ತೊಂದ್ರೆ? ಅದ್ಕೆ ತಾಯ್ತ ಕಟ್ಟೋನು ಅವ್ನೆ’ ಅಂದಳು ಅಕ್ಕ.

ಡಾಕ್ಟರು ಮಾತ್ರೆ ಕಮ್ಮಿ ಮಾಡಿದರು. ಉಪ್ಪಿಟ್ಟು ತಿಂದರೂ ಮಾತ್ರೆ ತಗೋಬೇಕು, ಬೆವರು ಬಂದರೆ ತಕ್ಷಣ ಒಂದು ಲೋಟ ಸಕ್ಕರೆ ನೀರು ಕುಡೀಬೇಕು ಅಂತ ಅಕ್ಕನ ಬಾಯಲ್ಲೇ ಮತ್ತೆ ಹೇಳಿಸಿದರು. ಆಮೇಲೆ ಬಾಗಿಲಿಗೆ ಬಂದು, ‘ನಿನ್ನೆ ಒಪ್ಪತ್ತು ಇದ್ದೋರು ಕೈ ಎತ್ತಿ’ ಅಂದರು. ಸಾಲಿಗೆ ಸಾಲೇ ಕೈ ಎತ್ತಿತು. ಒಳಗಡೆಯಿಂದ ನರ್ಸಮ್ಮನೂ ಕೈ ಎತ್ತಿದ್ದರು.

ಹೇಳಿಕೊಟ್ಟೋನು

ಅವತ್ತಿಂದ ಅಕ್ಕ ಬಿದ್ದಿಲ್ಲ. ಈಗ ನನ್ನನ್ನೇ ಊರಿಗೆ ಹೋಗು ಅಂತ ಗದರಿಸೋಷ್ಟು ಗಟ್ಟಿಯಾಗಿದ್ದಾಳೆ. ಮೊನ್ನೆ ಅಲ್ಲಿನ ಟೀ ಅಂಗಡಿ ಬೆಂಚಿನ ಮೇಲೆ ಕೂತು ಜನಕ್ಕೆ ಇದನ್ನೆಲ್ಲ ಹೇಳ್ತಿದ್ದೆ. ‘ಮೇಡಂಗೆ ಏನ್ ಗೊತ್ತು? ನಾನೇ ಅವರನ್ನ ಪಕ್ಕಕ್ಕೆ ಕರೆದು, ನೋಡಮ್ಮ, ಸೋಮವಾರದ ಮೇಲೆ ಒಂದು ಕಣ್ಣಿಡು ಅಂದೆ. ಅಕ್ಕನ ಜೀವ ಉಳಿಸಿದ್ದು ಈ ತಲೆ’ ಅಂದೆ.

ಹಿಂದಿನಿಂದ ಒಂದು ದನಿ. ತಿರುಗಿದರೆ ಆಶಾ ಕಾರ್ಯಕರ್ತೆ, ಸೊಂಟದ ಮೇಲೆ ಕೈ.

‘ತಾತೋ, ಅವತ್ತು ಮೇಡಂ ಜೊತೆ ನಾನೂ ಇದ್ದೆ. ನೀನು ಜಗಲಿ ಮೇಲೆ ಎರಡ್ನೇ ತಟ್ಟೆ ಉಪ್ಪಿಟ್ಟು ಬಳೀತಿದ್ದೆ. ನಿಮ್ ಬಿಪಿ ಮಾತ್ರೆ ಎಲ್ಲಿ ತಾತ ಅಂತ ಮೇಡಂ ಕೇಳಿದ್ಕೆ, ಊಟ ಮಾಡ್ದೆ ಮಾತ್ರೆ ನುಂಗಕೆ ನಾನೇನ್ ಪೆದ್ದನಾ ಅಂದೆ. ಅದ್ನ ಕೇಳೇ ಅಲ್ವಾ ಮೇಡಂ ಒಳಕ್ಕೋಗಿ ಅಕ್ಕಮ್ಮನ್ನ ಕೇಳಿದ್ದು?’

ಬೆಂಚಿಗೆ ಬೆಂಚೇ ನಕ್ಕಿತು. ಟೀ ಅಂಗಡಿಯವನು ಸೋಸೋದು ಬಿಟ್ಟು ನಕ್ಕ.

ನಾನು ಭುಜ ಕುಣಿಸಿದೆ.

‘ನಾನ್ ಹೇಳ್ತಿರೋದೂ ಅದೇ ತಾನೆ ಕಣವ್ವ? ಮೇಡಂಗೆ ಹೇಳ್ಕೊಟ್ಟೋನು ಯಾರು?’